ಹೇಮಾವತಿಯ ಮಡು, ಬೆಂಗಳೂರಿನ ಕೊಳ: ಕರ್ನಾಟಕದ ಫ್ರೀಸ್ಟೈಲ್ ಈಜುಗಾರರ ಬಗ್ಗೆ ಒಂದು ಟಿಪ್ಪಣಿ

ಅಕ್ಕಿಹೆಬ್ಬಾಳು ಕೃಷ್ಣರಾಜಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರ. ಹೇಮಾವತಿಯ ದಂಡೆ, ಲಕ್ಷ್ಮೀನರಸಿಂಹನ ಗುಡಿ, ಮೈಸೂರು–ಅರಸೀಕೆರೆ ಮಾರ್ಗದ ರೈಲು ನಿಲ್ದಾಣ ಇಷ್ಟು ಹೇಳಿದರೆ ಊರಿನ ಗುರುತು ಸಿಗುತ್ತದೆ. ಕನ್ನಡ ಓದುಗರಿಗೆ ಈ ಹೆಸರು ಪರಿಚಯವಾದದ್ದು ಎ. ಎನ್. ಮೂರ್ತಿರಾಯರಿಂದ. ಅವರ ಹೆಸರಿನ ಮೊದಲಕ್ಷರವೇ ಅಕ್ಕಿಹೆಬ್ಬಾಳು. 1900ರಲ್ಲಿ ಅಲ್ಲಿ ಹುಟ್ಟಿದ ಈ ಪ್ರಬಂಧಕಾರರು ಬಾಳಿದ್ದು ನೂರು ವರ್ಷಕ್ಕೂ ಮಿಗಿಲು. ಊರಿನ ಕೆಳಗೆ ಹೇಮಾವತಿ ಕನ್ನಂಬಾಡಿ ಕಟ್ಟೆಯ ಹಿನ್ನೀರಿಗೆ ಇಳಿಯುತ್ತದೆ. ಅಂಬಿಗರಹಳ್ಳಿ–ಸಂಗಾಪುರದ ಬಳಿ ಕಾವೇರಿ, ಲಕ್ಷ್ಮಣತೀರ್ಥಗಳ ಜೊತೆ ಅದು ಕೂಡುವ ಜಾಗವನ್ನು ತ್ರಿವೇಣಿ ಸಂಗಮವೆಂದು ಕರೆದು ಜನ ಕುಂಭಮೇಳ ನಡೆಸಿದ್ದಾರೆ. ಊರಿನ ಹೆಸರಲ್ಲೇ ಅಂಬಿಗರಿದ್ದಾರೆ. ಇಂಥ ಕಡೆ ಈಜು ಬರುವುದು ವಿಶೇಷವಲ್ಲ, ಬಾರದಿರುವುದೇ ವಿಶೇಷ.

ಹಾಗಿದ್ದೂ ಕರ್ನಾಟಕದಿಂದ ಒಲಿಂಪಿಕ್ಸಿಗೆ ಹೋದ ಫ್ರೀಸ್ಟೈಲ್ ಈಜುಗಾರರ ಹೆಸರುಗಳನ್ನು ಸಾಲಾಗಿ ಬರೆದರೆ ಅವು ಬೆಂಗಳೂರಿನ ಎರಡು ಮೂರು ಕೊಳಗಳ ಸುತ್ತ ನಿಂತುಬಿಡುತ್ತವೆ. ನಿಶಾ ಮಿಲೆಟ್, ಶಿಖಾ ಟಂಡನ್, ಎ. ಪಿ. ಗಗನ್ ಉಲ್ಲಾಳಮಠ, ಧಿನಿಧಿ ದೇಸಿಂಗು: ಇವರೆಲ್ಲ ರಾಜಧಾನಿಯ ನೀರಿನಲ್ಲಿ ತಯಾರಾದವರು. ಹಳ್ಳಿಯವರಿಗೆ ಅವಕಾಶವಿಲ್ಲ ಎಂಬ ಸಿದ್ಧ ಉತ್ತರ ಸುಳ್ಳಲ್ಲ, ಆದರೆ ಏನನ್ನೂ ವಿವರಿಸುವುದಿಲ್ಲ. ಓಟಗಾರರೂ ಕಬಡ್ಡಿ ಆಟಗಾರರೂ ಅವಕಾಶವಿಲ್ಲದ ಹಳ್ಳಿಗಳಿಂದಲೇ ಬಂದಿದ್ದಾರೆ. ನದಿದಂಡೆಯ ಈಜು ಸ್ಪರ್ಧೆಯ ಈಜಾಗಿ ಬೆಳೆಯದೆ ಹೋದದ್ದಕ್ಕೆ ಬೇರೆ ಕಾರಣ ಇರಬೇಕು. ಅದನ್ನು ಕೆಲವು ಈಜುಗಾರರ ವೃತ್ತಿಜೀವನದ ಅಂಕಿಗಳ ಮೂಲಕ ನೋಡುವುದು ಈ ಟಿಪ್ಪಣಿಯ ಉದ್ದೇಶ.

ಮೊದಲು ನದಿಯ ವಿದ್ಯೆ. ಹಳೇ ಮೈಸೂರಿನ ಹೊಳೆದಂಡೆಗಳಲ್ಲಿ ಮಕ್ಕಳು ಈಜು ಕಲಿಯುತ್ತಿದ್ದದ್ದು ಸೊಂಟಕ್ಕೆ ಸೋರೆಬುರುಡೆ, ಬೆಂಡು ಅಥವಾ ಜೋಡಿ ಒಣ ತೆಂಗಿನಕಾಯಿ ಕಟ್ಟಿಕೊಂಡು. ಬುರುಡೆ ಬಿಚ್ಚಿದ ದಿನ ಕಲಿಕೆ ಮುಗಿದಂತೆ. ಆಮೇಲೆ ಕಲಿಯುವುದೆಲ್ಲ ನೀರಿನ ಗುಣ: ಮಡು ಎಲ್ಲಿ, ಸುಳಿ ಎಲ್ಲಿ, ಎದುರು ದಡಕ್ಕೆ ನೇರ ಹೋಗದೆ ಸೆಳವಿಗೆ ಮೈಕೊಟ್ಟು ಓರೆಯಾಗಿ ದಾಟುವುದು ಹೇಗೆ. ತಲೆ ನೀರಿನ ಮೇಲಿರಬೇಕು, ಕಣ್ಣು ದಡದ ಮೇಲಿರಬೇಕು, ಉಸಿರು ಉಳಿಯಬೇಕು. ಜೀವ ಉಳಿಸುವ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಶಿಕ್ಷಣ ಇಲ್ಲ. ವೇಗಕ್ಕೆ ಮಾತ್ರ ಇದು ಪೂರ್ತಿ ವಿರುದ್ಧ ದಿಕ್ಕಿನದು. ತಲೆ ಎತ್ತಿದ ಕೂಡಲೇ ಸೊಂಟ ಇಳಿಯುತ್ತದೆ, ಸೊಂಟ ಇಳಿದರೆ ಇಡೀ ಮೈ ನೀರಿಗೆ ಅಡ್ಡವಾಗುತ್ತದೆ.

ಫ್ರೀಸ್ಟೈಲ್ ಎಂದರೆ ನಿಯಮದ ಪ್ರಕಾರ ಯಾವ ಬಗೆಯಲ್ಲಾದರೂ ಈಜಬಹುದಾದ ಸ್ಪರ್ಧೆ. ಆದರೆ ಮುಖ ಕೆಳಗೆ ಮಾಡಿ ಕೈಗಳನ್ನು ಒಂದಾದ ಮೇಲೊಂದು ಬೀಸುವ ಫ್ರಂಟ್ ಕ್ರಾಲ್‌ಗಿಂತ ವೇಗದ ಬಗೆ ಇನ್ನೂ ಸಿಗದ ಕಾರಣ ಎಲ್ಲರೂ ಅದನ್ನೇ ಈಜುತ್ತಾರೆ. ಒಲಿಂಪಿಕ್ ಕೊಳದ ಉದ್ದ 50 ಮೀಟರ್, ಒಂದೊಂದು ಲೇನಿನ ಅಗಲ 2.5 ಮೀಟರ್, ನೀರಿನ ಉಷ್ಣತೆ 25ರಿಂದ 28 ಡಿಗ್ರಿ ಸೆಲ್ಸಿಯಸ್. ಅಲೆ ಪಕ್ಕದ ಲೇನಿಗೆ ದಾಟದಂತೆ ಹಗ್ಗದ ಬಿಲ್ಲೆಗಳು ತಡೆಯುತ್ತವೆ. ಜಿಗಿತದ ನಂತರವೂ ಪ್ರತಿ ತಿರುವಿನ ನಂತರವೂ 15 ಮೀಟರ್‌ವರೆಗೆ ನೀರಿನೊಳಗೇ ಸಾಗಬಹುದು. 200 ಮೀಟರ್ ಸ್ಪರ್ಧೆಯಲ್ಲಿ 3 ತಿರುವು, 1500 ಮೀಟರ್‌ನಲ್ಲಿ 29. ಗೋಡೆಯ ಬಳಿ ಲಾಗ ಹಾಕಿ ಪಾದ ಒದ್ದು ಹೊರಡುವ ಆ ಕ್ಷಣ ಇಡೀ ಸ್ಪರ್ಧೆಯಲ್ಲಿ ಅತಿ ವೇಗದ ಕ್ಷಣಗಳಲ್ಲಿ ಒಂದು. ಹೊಳೆಗೆ ಗೋಡೆ ಇಲ್ಲ. ಆದ್ದರಿಂದ ಹೊಳೆಯಲ್ಲಿ ಎಷ್ಟು ವರ್ಷ ಈಜಿದರೂ ಸ್ಪರ್ಧೆಯ ಈ ಭಾಗ ಮೈಗೆ ಬರುವ ದಾರಿಯೇ ಇಲ್ಲ.

ಕಾಲ ಅಳೆಯುವುದರಲ್ಲಿ ಇರುವ ತೊಡಕು ಇನ್ನೂ ದೊಡ್ಡದು. ನೂರು ಮೀಟರನ್ನು 60 ಸೆಕೆಂಡಿನಲ್ಲಿ ಈಜುವವರ ವೇಗ ಗಂಟೆಗೆ 6 ಕಿಲೋಮೀಟರ್. ಹೊಳೆ ಗಂಟೆಗೆ ಒಂದೇ ಒಂದು ಕಿಲೋಮೀಟರ್ ವೇಗದಲ್ಲಿ ಹರಿಯುತ್ತಿದೆ ಎನ್ನೋಣ. ಬೇಸಗೆಯ ಹೇಮಾವತಿಗೂ ಅದು ಹೆಚ್ಚಲ್ಲ. ಸೆಳವಿನ ಜೊತೆ ಈಜಿದರೆ ಅದೇ ವ್ಯಕ್ತಿ ನೂರು ಮೀಟರ್ ಮುಗಿಸುವುದು ಸುಮಾರು 51.4 ಸೆಕೆಂಡಿನಲ್ಲಿ. ಮಹಿಳೆಯರ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಸ್ವೀಡನ್ನಿನ ಸಾರಾ ಶೋಸ್ಟ್ರೋಮ್ 2017ರಲ್ಲಿ ಬರೆದ ವಿಶ್ವದಾಖಲೆ 51.71! ಹೊಳೆಯಲ್ಲಿ ಅಳೆದ ಕಾಲವನ್ನು ಯಾವ ಫೆಡರೇಷನ್ನೂ ದಾಖಲೆಯೆಂದು ಒಪ್ಪದಿರುವುದರ ಹಿಂದೆ ನಗರದವರ ಹಮ್ಮು ಇಲ್ಲ, ಗಣಿತವಿದೆ. ಊರಿನ ಹಿರಿಯರು ‘ನಮ್ಮ ಕಾಲದಲ್ಲಿ ಇಂಥವನನ್ನು ಮೀರಿಸುವವರಿರಲಿಲ್ಲ’ ಎಂದು ಹೇಳುವ ಈಜುಗಾರ ನಿಜಕ್ಕೂ ಅಸಾಮಾನ್ಯನೇ ಆಗಿರಬಹುದು. ಆದರೆ ಅವನನ್ನು ಇನ್ನೊಬ್ಬನ ಜೊತೆ ಹೋಲಿಸುವ ಅಳತೆಗೋಲು ದಡದಲ್ಲಿ ಇರಲಿಲ್ಲ.

ಭಾರತೀಯ ಮಹಿಳೆಯರ ಮಟ್ಟಿಗೆ ನೂರು ಮೀಟರಿಗೆ ಒಂದು ನಿಮಿಷವೇ ಬಹುಕಾಲ ದಾಟಲಾಗದ ಗೆರೆಯಾಗಿತ್ತು. ಅದನ್ನು ದಾಟಿದ ಮೊದಲಿಗರು ನಿಶಾ ಮಿಲೆಟ್. 1982ರಲ್ಲಿ ಹುಟ್ಟಿದ ನಿಶಾ ಐದರ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗಿ ಪಾರಾದವರು. ಆ ಭಯ ಕಳೆಯಲೆಂದು ತಂದೆ ಮತ್ತೆ ಮಗಳನ್ನು ನೀರಿಗಿಳಿಸಿದರು. ಚೆನ್ನೈನ ಶೆಣೈ ನಗರದ ಕೊಳದಲ್ಲಿ 1991ರಲ್ಲಿ ಶುರುವಾದ ಕಲಿಕೆ ಮೂರೇ ವರ್ಷದಲ್ಲಿ ರಾಷ್ಟ್ರೀಯ ಮಟ್ಟ ಮುಟ್ಟಿತು. 1994ರಲ್ಲಿ, ಇನ್ನೂ ಸಬ್‌ಜೂನಿಯರ್ ವಯಸ್ಸಿನ ಹುಡುಗಿ, ಹಿರಿಯರ ರಾಷ್ಟ್ರೀಯ ಕೂಟದಲ್ಲಿ ಐದೂ ಫ್ರೀಸ್ಟೈಲ್ ಸ್ಪರ್ಧೆಗಳ ಚಿನ್ನ ಗೆದ್ದರು. ಮುಂದೆ ತರಬೇತಿಗಾಗಿ ಕುಟುಂಬವೇ ಬೆಂಗಳೂರಿಗೆ ಬಂತು. ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಲ್ಲಿ ಎಸ್. ಪ್ರದೀಪ್ ಕುಮಾರ್ ಅವರ ಗರಡಿ ಸೇರಿದ ಮೇಲೆ ನಿಶಾ ಕರ್ನಾಟಕದ ಈಜುಗಾರ್ತಿಯಾದರು. 1999ರ ಮಣಿಪುರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಅವರೊಬ್ಬರೇ 14 ಚಿನ್ನ ಗೆದ್ದರು. ಮರುವರ್ಷ ಸಿಡ್ನಿ ಒಲಿಂಪಿಕ್ಸಿನ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಈಜಿದರು. ತಮ್ಮ ಹೀಟ್‌ನಲ್ಲಿ ಮೊದಲಿಗರಾದರೂ ಸೆಮಿಫೈನಲ್‌ಗೆ ಕಾಲ ಸಾಲಲಿಲ್ಲ.

ಈ ವೃತ್ತಿಜೀವನದ ಇಳಿಗಾಲವನ್ನು ಪತ್ರಿಕೆಗಳು ಬೇಗ ದಾಟಿಬಿಡುತ್ತವೆ. 2002ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಆಯಿತು. ಅಥೆನ್ಸ್ ಒಲಿಂಪಿಕ್ಸಿನ ಅರ್ಹತೆ ಕೂದಲೆಳೆಯಲ್ಲಿ ತಪ್ಪಿತು. 2004ರಲ್ಲಿ ಸ್ಪರ್ಧೆ ಬಿಟ್ಟಾಗ ನಿಶಾಗೆ ವಯಸ್ಸು 22, ಹಣದ ಕೊರತೆಯೂ ಬಿಡಲು ಒಂದು ಕಾರಣ. 14 ಚಿನ್ನದ ಒಡತಿಗೆ ದುಡ್ಡಿನ ಅಡಚಣೆ ಎಂದರೆ ವ್ಯವಸ್ಥೆಯ ಬಗ್ಗೆ ಬೇರೆ ಟೀಕೆ ಬೇಕಿಲ್ಲ. ಗಮನಿಸಬೇಕಾದ ಅಂಶ ಇನ್ನೊಂದಿದೆ. ಒಂದು ಮಗುವಿನ ಈಜಿಗಾಗಿ ಊರನ್ನೇ ಬದಲಿಸಬಲ್ಲ ಕುಟುಂಬ ನಿಶಾ ಹಿಂದೆ ಇತ್ತು. ಗದ್ದೆ, ಹಸು, ನೀರಿನ ಸರದಿ ಇರುವ ಮನೆ ಹಾಗೆ ಎದ್ದು ಹೊರಡಲಾರದು.

ಅಥೆನ್ಸಿಗೆ ಹೋದದ್ದು ಅದೇ ಬಸವನಗುಡಿಯ ಇನ್ನೊಬ್ಬ ಹುಡುಗಿ ಶಿಖಾ ಟಂಡನ್. 1985ರಲ್ಲಿ ಹುಟ್ಟಿದ ಶಿಖಾ 2004ರಲ್ಲಿ 50 ಮತ್ತು 100 ಮೀಟರ್ ಫ್ರೀಸ್ಟೈಲ್ ಎರಡರಲ್ಲೂ ಈಜಿದರು. ಅರ್ಜುನ ಪ್ರಶಸ್ತಿ 2005ರಲ್ಲಿ ಬಂತು. ಮುಂದೆ ಜೀವವಿಜ್ಞಾನ ಓದಲು ಅಮೆರಿಕಕ್ಕೆ ಹೋಗಿ, ಅಲ್ಲಿನ ಉದ್ದೀಪನ ಮದ್ದು ತಡೆ ಸಂಸ್ಥೆಯ ವಿಜ್ಞಾನ ವಿಭಾಗದಲ್ಲಿ ಕೆಲಸ ಮಾಡಿದರು. ಈಜಿನಿಂದ ಪ್ರಯೋಗಾಲಯಕ್ಕೆ ಹೋದ ಈ ದಾರಿ ನಮ್ಮ ಕ್ರೀಡಾ ಚರಿತ್ರೆಯಲ್ಲಿ ಅಪರೂಪದ್ದು, ಬೇರೆಯೇ ಲೇಖನ ಬೇಡುವಂಥದ್ದು. ಇಲ್ಲಿ ಬೇಕಾದ ಸಂಗತಿ ಒಂದೇ: ನಾಲ್ಕು ವರ್ಷದ ಅಂತರದಲ್ಲಿ ಒಂದೇ ಕೊಳ, ಒಬ್ಬರೇ ಗುರು, ಇಬ್ಬರು ಒಲಿಂಪಿಯನ್ನರು. ನಗರದ ಉತ್ತರಕ್ಕೆ ಸದಾಶಿವನಗರದ ಕೆ. ಸಿ. ರೆಡ್ಡಿ ಈಜುಕೇಂದ್ರದಲ್ಲಿ ನಿಹಾರ್ ಅಮೀನ್ ಇನ್ನೊಂದು ಪರಂಪರೆ ಕಟ್ಟುತ್ತಿದ್ದರು. ನಿಹಾರ್ ಅವರಿಗೆ 2015ರಲ್ಲಿ, ಪ್ರದೀಪ್ ಕುಮಾರ್ ಅವರಿಗೆ 2016ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಒಂದೇ ನಗರದ ಇಬ್ಬರು ಈಜುಗುರುಗಳಿಗೆ ಬೆನ್ನುಬೆನ್ನಿಗೆ ಸಿಕ್ಕ ಈ ಮನ್ನಣೆ ಕರ್ನಾಟಕದ ಫ್ರೀಸ್ಟೈಲ್ ಎಲ್ಲಿ ಹುಟ್ಟಿತು ಎಂಬುದಕ್ಕೆ ಸಾಕಷ್ಟು ಪುರಾವೆ.

ಗಗನ್ ಉಲ್ಲಾಳಮಠ ಅವರ ಪ್ರಕರಣವನ್ನು ನಿಧಾನವಾಗಿ ನೋಡಬೇಕು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಏಕೈಕ ಈಜುಗಾರ ಅವರು. ಸ್ಪರ್ಧೆ ಪುರುಷರ 1500 ಮೀಟರ್ ಫ್ರೀಸ್ಟೈಲ್. ಕಾಲ 16 ನಿಮಿಷ 31.14 ಸೆಕೆಂಡ್, ಸ್ಥಾನ 31 ಮತ್ತು ಕೊನೆಯದು. ಆ ಕೂಟದಲ್ಲಿ ಚೀನಾದ ಸುನ್ ಯಾಂಗ್ 14 ನಿಮಿಷ 31.02 ಸೆಕೆಂಡಿನ ವಿಶ್ವದಾಖಲೆಯೊಡನೆ ಚಿನ್ನ ಗೆದ್ದರು. ಇಬ್ಬರ ನಡುವಿನ ಅಂತರ ಎರಡು ನಿಮಿಷದ ಮೇಲೆ ಒಂದಿಷ್ಟು ಚೂರು. ಇಬ್ಬರೂ ಒಟ್ಟಿಗೆ ಹೊರಟಿದ್ದರೆ, ಸುನ್ ಗೋಡೆ ಮುಟ್ಟುವ ಹೊತ್ತಿಗೆ ಗಗನ್ ಅವರಿಗೆ ಇನ್ನೂ ಸುಮಾರು 180 ಮೀಟರ್ ಬಾಕಿ ಇರುತ್ತಿತ್ತು.

‘ಕೊನೆಯ ಸ್ಥಾನ’ ಎಂದು ಬರೆದು ಕೈತೊಳೆದುಕೊಂಡವರೇ ಹೆಚ್ಚು. ಆ ಕಾಲವನ್ನು ಇನ್ನೊಂದು ಅಂಕಿಯ ಪಕ್ಕ ಇಟ್ಟು ನೋಡಬೇಕು. 1968ರ ಜುಲೈನಲ್ಲಿ ಮೆಕ್ಸಿಕೊದ ಗಿಯೆರ್ಮೊ ಎಚೆವರ್ರಿಯಾ ಅಮೆರಿಕದ ಸಾಂತಾ ಕ್ಲಾರಾದಲ್ಲಿ 1500 ಮೀಟರ್ ಫ್ರೀಸ್ಟೈಲ್‌ನ ವಿಶ್ವದಾಖಲೆ ಬರೆದಿದ್ದರು. ಅದು 16 ನಿಮಿಷ 28.1 ಸೆಕೆಂಡ್. ಕೆಲವೇ ತಿಂಗಳಲ್ಲಿ ಸ್ವಂತ ದೇಶದ ರಾಜಧಾನಿಯಲ್ಲಿ ಒಲಿಂಪಿಕ್ಸ್. ಇಡೀ ಮೆಕ್ಸಿಕೊ ಅವರ ಚಿನ್ನಕ್ಕಾಗಿ ಕಾದಿತ್ತು, ಅವರಿಗೆ ಸಿಕ್ಕಿದ್ದು ಆರನೇ ಸ್ಥಾನ. ಗೆದ್ದ ಅಮೆರಿಕದ ಮೈಕ್ ಬರ್ಟನ್ ಅವರ ಕಾಲವೂ 16 ನಿಮಿಷ 38.9 ಸೆಕೆಂಡ್, ಅಂದರೆ ಎಚೆವರ್ರಿಯಾ ದಾಖಲೆಗಿಂತ ಹತ್ತು ಸೆಕೆಂಡಿನಷ್ಟು ನಿಧಾನ. ಮೆಕ್ಸಿಕೊ ನಗರ ಸಮುದ್ರಮಟ್ಟದಿಂದ 2240 ಮೀಟರ್ ಎತ್ತರದಲ್ಲಿದೆ. ತೆಳು ಗಾಳಿ ದೂರದ ಈಜಿನ ಶ್ವಾಸವನ್ನು ತಿನ್ನುತ್ತದೆ. ಆ ಕೂಟದಲ್ಲಿ ಮೆಕ್ಸಿಕೊಗೆ ಈಜಿನ ಚಿನ್ನ ತಂದದ್ದು 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನ ಫೆಲಿಪೆ ಮುನ್ಯೋಸ್, ಫ್ರೀಸ್ಟೈಲ್‌ನ ಪದಕ 800 ಮೀಟರ್‌ನಲ್ಲಿ ಕಂಚು ಗೆದ್ದ ಮರಿಯಾ ತೆರೆಸಾ ರಾಮಿರೆಸ್ ಅವರದು.

ಹೀಗೆ ನೋಡಿದರೆ ಗಗನ್ 2012ರಲ್ಲಿ ಈಜಿದ ಕಾಲ 1968ರ ವಿಶ್ವದಾಖಲೆಗಿಂತ ಮೂರೇ ಸೆಕೆಂಡು ಹಿಂದೆ, ಮೆಕ್ಸಿಕೊದಲ್ಲಿ ಚಿನ್ನ ತಂದ ಕಾಲಕ್ಕಿಂತ ಏಳು ಸೆಕೆಂಡು ಮುಂದೆ. ಎತ್ತರ, ಕೊಳದ ತಂತ್ರಜ್ಞಾನ, ಉಡುಪು ಎಲ್ಲ ಬೇರೆಯಾದ್ದರಿಂದ ಈ ಹೋಲಿಕೆಯನ್ನು ಎಳೆದಾಡಬಾರದು. ಹಾಗಿದ್ದೂ ಅದು ಒಂದು ಮಾತನ್ನು ಸ್ಪಷ್ಟ ಮಾಡುತ್ತದೆ: ನಮ್ಮ ಈಜು ನಿಂತಿರಲಿಲ್ಲ, ತಡವಾಗಿ ಹೊರಟಿತ್ತು.

ಒಲಿಂಪಿಕ್ಸಿನ ಪ್ರವೇಶಕ್ಕೆ ಬಾಗಿಲು ಒಂದೇ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ನಿಗದಿಯಾದ ‘ಎ’ ಕಾಲವನ್ನು ಈಜಿದವರು ನೇರ ಹೋಗುತ್ತಾರೆ. ಅರ್ಹರಿಲ್ಲದ ದೇಶಗಳ ಒಬ್ಬ ಪುರುಷ, ಒಬ್ಬ ಮಹಿಳೆಗೆ ಯೂನಿವರ್ಸಾಲಿಟಿ ಹೆಸರಿನ ಆಹ್ವಾನ ಸಿಗುತ್ತದೆ. ಗಗನ್ ಹೋದದ್ದು ಆಹ್ವಾನದ ಮೇಲೆ. ಭಾರತೀಯರು ‘ಎ’ ಕಾಲ ಮುಟ್ಟಿದ್ದು 2021ರ ಜೂನ್‌ನಲ್ಲಿ, ರೋಮ್‌ನಲ್ಲಿ. ಮೊದಲು ಸಜನ್ ಪ್ರಕಾಶ್, ಹಿಂದೆಯೇ ಬೆಂಗಳೂರಿನ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ 53.77 ಸೆಕೆಂಡ್. ಶ್ರೀಹರಿ ಹೆಸರಾದದ್ದು ಅಂಗಾತ ಈಜಿನಲ್ಲಾದರೂ ಈಗ ಫ್ರೀಸ್ಟೈಲ್‌ನಲ್ಲೂ ದೇಶದ ಮುಂಚೂಣಿಯಲ್ಲಿದ್ದಾರೆ. 2025ರಲ್ಲಿ ಅಹಮದಾಬಾದಿನ ಏಷ್ಯನ್ ಕೂಟದಲ್ಲಿ 200 ಮೀಟರ್ ಫ್ರೀಸ್ಟೈಲ್‌ನ ಬೆಳ್ಳಿ ಅವರಿಗೇ ಬಂತು.

ಪ್ಯಾರಿಸ್‌ಗೆ 2024ರಲ್ಲಿ ಆಹ್ವಾನದ ಮೇಲೆ ಹೋದವರು ಧಿನಿಧಿ ದೇಸಿಂಗು. ಆಗ ವಯಸ್ಸು 14, ಭಾರತ ತಂಡದಲ್ಲೇ ಕಿರಿಯರು. ಭಾರತದ ಒಲಿಂಪಿಯನ್ನರಲ್ಲಿ ಇವರಿಗಿಂತ ಚಿಕ್ಕವರೆಂದರೆ 1952ರ ಹೆಲ್ಸಿಂಕಿಯಲ್ಲಿ 11ರ ವಯಸ್ಸಿನಲ್ಲಿ ಈಜಿದ ಬಂಗಾಳದ ಆರತಿ ಸಹಾ ಒಬ್ಬರೇ. ಧಿನಿಧಿ 200 ಮೀಟರ್ ಫ್ರೀಸ್ಟೈಲನ್ನು 2 ನಿಮಿಷ 6.96 ಸೆಕೆಂಡಿನಲ್ಲಿ ಮುಗಿಸಿ 23ನೇ ಸ್ಥಾನ ಪಡೆದರು. ಆರು ತಿಂಗಳ ನಂತರ, 2025ರ ಉತ್ತರಾಖಂಡ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಅದೇ ದೂರವನ್ನು 2 ನಿಮಿಷ 3.24 ಸೆಕೆಂಡಿನಲ್ಲಿ ಈಜಿ ರಾಷ್ಟ್ರೀಯ ದಾಖಲೆ ಬರೆದರು. ಆ ಕೂಟದಲ್ಲಿ ಅವರದು 9 ಚಿನ್ನ, 1 ಬೆಳ್ಳಿ, 1 ಕಂಚು. ಶ್ರೀಹರಿಯದು 9 ಚಿನ್ನ, 1 ಬೆಳ್ಳಿ. ಪ್ಯಾರಿಸ್ ಫಲಿತಾಂಶ ನೋಡಿ ಮೂಗು ಮುರಿದವರು ಈ 3.72 ಸೆಕೆಂಡಿನ ವ್ಯತ್ಯಾಸವನ್ನು ಗಮನಿಸಬೇಕು. ಹದಿನಾಲ್ಕರ ಹುಡುಗಿಗೆ ಒಲಿಂಪಿಕ್ಸ್ ಪರೀಕ್ಷೆಗಿಂತ ಹೆಚ್ಚಾಗಿ ಪಾಠ.

ಆರತಿ ಸಹಾ ಹೆಸರು ಬಂದದ್ದರಿಂದ ಮೂಲ ಪ್ರಶ್ನೆಗೆ ಮರಳಬಹುದು. ಆರತಿ ಈಜು ಕಲಿತದ್ದು ಕೋಲ್ಕತ್ತದ ಚಾಂಪಾತಲಾ ಘಾಟಿನಲ್ಲಿ, ಹೂಗ್ಲಿ ನದಿಯಲ್ಲಿ. ಆಮೇಲೆ ಸೇರಿದ್ದು ಹಾಟ್‌ಖೋಲಾ ಕ್ಲಬ್ಬು. 1951ರ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ 100 ಮೀಟರ್ ಫ್ರೀಸ್ಟೈಲ್ ಗೆದ್ದ ಸಚಿನ್ ನಾಗ್ ಬನಾರಸಿನ ಗಂಗೆಯಲ್ಲಿ ಈಜುತ್ತ ಬೆಳೆದವರು, ಅವರನ್ನು ತಯಾರು ಮಾಡಿದ್ದೂ ಹಾಟ್‌ಖೋಲಾವೇ. ಬಂಗಾಳದಲ್ಲಿ ಭಾಗೀರಥಿಯ 81 ಕಿಲೋಮೀಟರ್ ಈಜುಸ್ಪರ್ಧೆ ಇಂದಿಗೂ ನಡೆಯುತ್ತದೆ. ಅಲ್ಲಿ ಘಾಟು ಮತ್ತು ಕ್ಲಬ್ಬು ಒಂದರ ಪಕ್ಕ ಒಂದು ಇದ್ದವು. ಘಾಟಿನಲ್ಲಿ ಕಂಡ ಹುಡುಗ ಹುಡುಗಿಯರನ್ನು ಕ್ಲಬ್ಬಿನವರು ಕರೆದುಕೊಂಡು ಹೋಗಿ, ಅಳೆದು, ತಿದ್ದಿ, ಸ್ಪರ್ಧೆಗೆ ಕಳಿಸಿದರು. ನಮ್ಮ ಕಾವೇರಿ, ಹೇಮಾವತಿ, ತುಂಗಭದ್ರೆಗಳ ಸೋಪಾನಗಳಲ್ಲಿ ಸ್ನಾನ ಇತ್ತು, ತೆಪ್ಪೋತ್ಸವ ಇತ್ತು, ಜಾತ್ರೆ ಇತ್ತು. ಗಡಿಯಾರ ಹಿಡಿದು ನಿಂತ ಕ್ಲಬ್ಬಿನವನು ಇರಲಿಲ್ಲ. ಇಲ್ಲಿ ಕ್ಲಬ್ಬು ಹುಟ್ಟಿದ್ದು ನದಿಯೇ ಇಲ್ಲದ ಬೆಂಗಳೂರಿನಲ್ಲಿ. ನನ್ನ ದೃಷ್ಟಿಯಲ್ಲಿ ಕರ್ನಾಟಕದ ಈಜಿನ ಭೂಗೋಳವನ್ನು ನಿರ್ಧರಿಸಿದ್ದು ಇದೇ. ಕೊರತೆ ನೀರಿನದೂ ಅಲ್ಲ, ತೋಳಿನದೂ ಅಲ್ಲ.

ಕರಾವಳಿ ಈ ಮಾತಿಗೆ ಇನ್ನೊಂದು ಬಗೆಯ ಸಾಕ್ಷಿ. ಗೋಪಾಲ ಖಾರ್ವಿ ಕೈಕಾಲಿಗೆ ಬೇಡಿ ತೊಟ್ಟು ಮಲ್ಪೆಯ ಸಮುದ್ರದಲ್ಲಿ ಈಜಿ ಹೆಸರಾದರು, ಉಡುಪಿಯ ಗಂಗಾಧರ ಕಡೆಕಾರ್ ಪದ್ಮಾಸನದಲ್ಲಿ ಈಜಿದರು. ಮೈಗೂಡಿದ ವಿದ್ಯೆಗೆ ಸ್ಪರ್ಧೆಯ ಹಾದಿ ಕಾಣದಾಗ ಅದು ಸಾಹಸದ ಹಾದಿ ಹಿಡಿಯುತ್ತದೆ. ಈಗ ಮಂಗಳೂರಿನ ಎಮ್ಮೆಕೆರೆಯಲ್ಲಿ ಅಂತರರಾಷ್ಟ್ರೀಯ ಮಟ್ಟದ ಕೊಳ ಬಂದಿದೆ. ಎಮ್ಮೆಗಳು ಮೀಯುತ್ತಿದ್ದ ಹೆಸರಿನ ಜಾಗದಲ್ಲಿ ಲೇನಿನ ಹಗ್ಗ ಬಿದ್ದಿರುವುದು ಒಳ್ಳೆಯ ಸುದ್ದಿಯೇ.

ಪ್ರತಿ ತಾಲ್ಲೂಕಿಗೂ ಒಂದು ಕೊಳ ಕಟ್ಟಿಸಿ ಎನ್ನುವುದು ಸುಲಭ. 50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳದ ಕೊಳ ಹಿಡಿಯುವ ನೀರು 25 ಲಕ್ಷ ಲೀಟರ್. ಅದನ್ನು ದಿನವೂ ಸೋಸಬೇಕು, ಕ್ಲೋರಿನ್ ಹಾಕಬೇಕು, ಆವಿಯಾದದ್ದನ್ನು ತುಂಬಬೇಕು. 2024ರ ಮಾರ್ಚ್‌ನಲ್ಲಿ, ಪ್ಯಾರಿಸ್ ಒಲಿಂಪಿಕ್ಸಿಗೆ ನಾಲ್ಕು ತಿಂಗಳಿರುವಾಗ, ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ, ತಪ್ಪಿದರೆ 5000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. ಆ ಕುಡಿಯುವ ನೀರು ಎಲ್ಲಿಂದ ಬರುವಂಥದ್ದು? ಮಂಡ್ಯ ಜಿಲ್ಲೆಯದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ, ಸುಮಾರು ನೂರು ಕಿಲೋಮೀಟರ್ ಪಂಪು ಮಾಡಿ ಏರಿಸಿದ ಕಾವೇರಿ. ಅದರಲ್ಲಿ ಅಕ್ಕಿಹೆಬ್ಬಾಳನ್ನು ದಾಟಿ ಕನ್ನಂಬಾಡಿ ಸೇರಿದ ಹೇಮಾವತಿಯ ಪಾಲೂ ಇದೆ. ನೀರು ಬೆಂಗಳೂರಿನವರೆಗೆ ಹೋಗುತ್ತದೆ, ಈಜುವ ಹುಡುಗರು ಹೋಗುವುದಿಲ್ಲ.

ಈಜು ಬರೀ ಪದಕದ ಮಾತೂ ಅಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು, ಅವರಲ್ಲಿ ಶಾಲಾಮಕ್ಕಳೂ ಇದ್ದರು. ಮುಳುಗಿದ ಬಸ್ಸಿನೊಳಗೆ ಈಜುಬಲ್ಲವರೂ ಅಸಹಾಯಕರೇ. ಆದ್ದರಿಂದ ಆ ದುರಂತವನ್ನು ಈಜಿನ ಪರ ವಾದಕ್ಕೆ ಬಳಸಿಕೊಳ್ಳಲಾರೆ. ಆದರೆ ನಾಲೆ, ಹಿನ್ನೀರು, ಹೊಂಡಗಳೇ ತುಂಬಿದ ಈ ಸೀಮೆಯ ತಾಲ್ಲೂಕುಗಳಲ್ಲಿ ಬುರುಡೆ ಕಟ್ಟಿ ಕಲಿಸುತ್ತಿದ್ದ ಹಿರಿಯರು ಕಡಿಮೆಯಾಗಿದ್ದಾರೆ, ಅವರ ಜಾಗಕ್ಕೆ ಶಾಲೆಯೂ ಬಂದಿಲ್ಲ, ಕ್ಲಬ್ಬೂ ಬಂದಿಲ್ಲ.

ಮಾಡಬಹುದಾದ ಚಿಕ್ಕ ಕೆಲಸ ಒಂದಿದೆ. ಮೈಸೂರಿನ ಸರಸ್ವತಿಪುರಂನಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳ ಇದೆ; ಅಕ್ಕಿಹೆಬ್ಬಾಳಿನಿಂದ ಮೈಸೂರಿಗೆ ರೈಲಿದೆ. ದಸರಾ ಕ್ರೀಡಾಕೂಟದಲ್ಲಿ ಈಜಿನ ಸ್ಪರ್ಧೆಯೂ ಇದೆ. ಹೋಬಳಿ ಮಟ್ಟದಲ್ಲಿ ಓಟ, ಜಿಗಿತಗಳಿಗೆ ಮಕ್ಕಳನ್ನು ಆರಿಸುವಂತೆ ಹೊಳೆದಂಡೆಯ ಶಾಲೆಗಳಿಂದ ವರ್ಷಕ್ಕೊಮ್ಮೆ ಈಜುಬಲ್ಲ ಮಕ್ಕಳನ್ನು ಆ ಕೊಳಕ್ಕೆ ಕರೆದೊಯ್ದು, ನಿಂತ ನೀರಿನಲ್ಲಿ 50 ಮೀಟರ್ ಈಜಿಸಿ, ಕಾಲ ಬರೆದಿಟ್ಟರೆ ಸಾಕು. ಹೊಸ ಕಟ್ಟಡ ಬೇಕಿಲ್ಲ, ಒಂದು ಸ್ಟಾಪ್‌ವಾಚು ಮತ್ತು ಒಂದು ರಿಜಿಸ್ಟರು ಬೇಕು. ಶಾಲಾ ಶಿಕ್ಷಣ ಇಲಾಖೆಯೂ ಯುವಜನ ಸೇವಾ ಇಲಾಖೆಯೂ ಮನಸ್ಸು ಮಾಡಿದರೆ ಬರುವ ಬೇಸಗೆಯಲ್ಲೇ ಆಗುವ ಕೆಲಸ ಇದು. ಜೊತೆಗೆ ಅಕ್ಕಿಹೆಬ್ಬಾಳು, ಬಂಡಿಹೊಳೆ, ಹೇಮಗಿರಿ ಕಡೆಯ ಓದುಗರಲ್ಲಿ ಒಂದು ಕೋರಿಕೆ: ನಿಮ್ಮ ಮನೆಯ ಹಿರಿಯರ ಪೆಟ್ಟಿಗೆಯಲ್ಲಿ ದಸರೆಯದೋ ಶಾಲೆಯದೋ ಈಜಿನ ಹಳೆಯ ಪ್ರಮಾಣಪತ್ರ ಇದ್ದರೆ ಎಸೆಯಬೇಡಿ, ಅದರ ಮೇಲಿನ ವರ್ಷ, ದೂರ, ಕಾಲಗಳನ್ನು ಬರೆದಿಟ್ಟುಕೊಳ್ಳಿ.